ಜಿಲ್ಲೆಗೆ ಬೆಂಗಳೂರಿನ ಹೆಸರು ಬಂತು, ಫುಟ್‌ಬಾಲ್ ಲೀಗ್ ಯಾವಾಗ ಬರುತ್ತೆ?

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಒಂಬತ್ತು ತಿಂಗಳಿಗೆ, 2014ರ ಏಪ್ರಿಲ್ 21ರಂದು, ಗೋವಾದ ಫತೋರ್ಡಾ ಮೈದಾನದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಐ-ಲೀಗ್ ಚಾಂಪಿಯನ್ ಆಯಿತು. ಆಗ ದೇಶದ ಅತಿ ದೊಡ್ಡ ಲೀಗ್ ಅದೇ. 24 ಪಂದ್ಯ, 47 ಅಂಕ. ನೂರು ವರ್ಷದ ಹತ್ತಿರ ಹತ್ತಿರ ಇತಿಹಾಸ ಇರುವ ಈಸ್ಟ್ ಬೆಂಗಾಲ್ ಎರಡನೇ ಸ್ಥಾನಕ್ಕೆ ಸರಿಯಿತು. ಸುನಿಲ್ ಛೆಟ್ರಿ ಒಬ್ಬರೇ ಆ ಸೀಸನ್‌ನಲ್ಲಿ 14 ಗೋಲು ಹೊಡೆದರು.

ಅಂದಿನಿಂದ ಇಂದಿನವರೆಗೆ ಪತ್ರಿಕೆ, ಟಿ.ವಿ., ರೀಲ್ಸ್ ಎಲ್ಲ ಕಡೆ ಒಂದೇ ಮಾತು: ಕಾಲಿಟ್ಟ ಮೊದಲ ವರ್ಷವೇ ಕಪ್ಪು! ಮಾತು ಸುಳ್ಳಲ್ಲ. ಇಂಗ್ಲೆಂಡಿನಿಂದ ಬಂದ ಕೋಚ್ ಆಶ್ಲೆ ವೆಸ್ಟ್‌ವುಡ್ ಹುಡುಗರ ಊಟ, ನಿದ್ದೆ, ಓಟ ಎಲ್ಲಕ್ಕೂ ಲೆಕ್ಕ ಇಟ್ಟು ತಂಡ ಕಟ್ಟಿದರು. ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಎಂಟು ಸಾವಿರದಷ್ಟು ಜನ ಹಿಡಿಯುವ ಜಾಗದಲ್ಲಿ, ಗಂಟಲು ಹರಿಯುವಂತೆ ಕೂಗುವ ಅಭಿಮಾನಿಗಳು ಹುಟ್ಟಿಕೊಂಡರು. ಸಂಬಳ ಹೊತ್ತಿಗೆ ಸರಿಯಾಗಿ ಆಗುವ ಕ್ಲಬ್ಬು ಅನ್ನೋದೇ ಆಗ ಭಾರತದ ಫುಟ್‌ಬಾಲ್‌ನಲ್ಲಿ ಸುದ್ದಿ. ಆಟದ ಮಟ್ಟಿಗೆ ಆ ತಂಡವನ್ನು ಯಾರೂ ಬೈಯುವಂತಿಲ್ಲ, ನಾವೂ ಬೈಯಲ್ಲ.

ಆದರೆ ಕಥೆಯ ಮುಂಭಾಗವನ್ನು ಯಾರೂ ಹೇಳಲ್ಲ. ಒಂಬತ್ತು ತಿಂಗಳ ಕೂಸು ದೇಶದ ಅತಿ ದೊಡ್ಡ ಲೀಗಿನ ಒಳಗೆ ಬಂದದ್ದಾದರೂ ಹೇಗೆ?

ಬಾಗಿಲು ತೆಗೆದುಕೊಟ್ಟರು, ಬಂತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕಂಪನಿಗಳಿಂದ ಬಿಡ್ ಕರೆಯಿತು. ನೇರ ಪ್ರವೇಶ ಅಂದಿತು. ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯು ಬೆಂಗಳೂರಿಗೆ ಬಿಡ್ ಹಾಕಿ ಜಾಗ ಪಡೆಯಿತು. ಕೆಳಗಿನ ಡಿವಿಷನ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು ಏನಾಗಿತ್ತು ನೋಡಿ. ಬೆಂಗಳೂರಿನದೇ ಎಚ್‌ಎಎಲ್ ತಂಡ 2010ರಲ್ಲಿ ಎರಡನೇ ಡಿವಿಷನ್ ಆಡಿ, ಮೆಟ್ಟಿಲು ಹತ್ತಿ ಐ-ಲೀಗಿಗೆ ಹೋಗಿತ್ತು. ಕಾರ್ಖಾನೆ ತಂಡ. ಎರಡು ಸೀಸನ್ ಏದುಸಿರು ಬಿಟ್ಟು ಆಡಿತು. 2012ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿಯಿತು. ಯಾರೂ ಕಣ್ಣೀರು ಹಾಕಲಿಲ್ಲ. ನಿಯಮ ಅಂದರೆ ನಿಯಮ ಅಂದರು. ಹತ್ತಿ ಬಂದವನಿಗೆ ನಿಯಮ, ಬಿಡ್ ಹಾಕಿದವನಿಗೆ ಲಿಫ್ಟು.

ರೇಷ್ಮೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಕಿ ಹುಳು ತಂದು, ಸೊಪ್ಪು ಹಾಕಿ, ಒಂದನೇ ಜ್ವರ, ಎರಡನೇ ಜ್ವರ, ಮೂರು, ನಾಲ್ಕು ಅಂತ ಕಾದು, ಹಣ್ಣಾದ ಮೇಲೆ ಚಂದ್ರಿಕೆಗೆ ಬಿಟ್ಟು, ಆಮೇಲೆ ಗೂಡು. ರಾಮನಗರದ ಮಾರ್ಕೆಟ್‌ನಲ್ಲಿ ಒಳ್ಳೇ ಲಾಟು ಕೊಂಡವನು ಜಾಣ ಇರಬಹುದು, ದುಡ್ಡು ಕೊಟ್ಟಿರಬಹುದು. ಅವನು ಹುಳು ಸಾಕಿದವನಲ್ಲ. ಅವನು ಕೊಳ್ಳುವುದಕ್ಕಾದರೂ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಹುಳು ಸಾಕಿರಲೇಬೇಕು. ಇಲ್ಲಿ ಸಾಕದಿದ್ದರೆ ಬೇರೆ ಕಡೆಯಿಂದ ತರುತ್ತಾನೆ. ಬೆಂಗಳೂರು ಎಫ್‌ಸಿ ಮಾಡಿದ್ದು ಅದನ್ನೇ. ಶಂಕರ್ ಸಂಪಂಗಿರಾಜ್ ಥರದ ಬೆಂಗಳೂರಿನ ಹುಡುಗರು ಕೆಲವರಿದ್ದರು, ನಿಜ. ಉಳಿದಂತೆ ತಂಡ ತುಂಬಿದ್ದು ಈಶಾನ್ಯ ರಾಜ್ಯಗಳಿಂದ, ಕೇರಳದಿಂದ, ವಿದೇಶದಿಂದ. ಯಾಕೆ ಅಂತ ಕ್ಲಬ್ಬನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು. ಕನಕಪುರದಿಂದಲೋ ಮಾಗಡಿಯಿಂದಲೋ ಕರೆದುಕೊಳ್ಳೋಣ ಅಂದರೆ, ಅವರು ನೋಡುವುದಕ್ಕೆ ಇಲ್ಲಿ ಯಾವ ಪಂದ್ಯ ನಡೀತಿತ್ತು?

ಈ ಲಿಫ್ಟ್ ವ್ಯವಸ್ಥೆ ಎಷ್ಟು ಕೆಟ್ಟದ್ದು ಅನ್ನೋದಕ್ಕೆ ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗ್ತೀನಿ. 2014-15ರಲ್ಲಿ ಪುಣೆಯ ಭಾರತ್ ಎಫ್‌ಸಿ ಅನ್ನುವ ತಂಡಕ್ಕೂ ಇದೇ ನೇರ ಪ್ರವೇಶ ಕೊಟ್ಟರು. ಮೊದಲ ಸೀಸನ್‌ನಲ್ಲಿ ಅದು ಪಟ್ಟಿಯ ಕಟ್ಟಕಡೆಗೆ ಬಂತು. ಆದರೂ ಕೆಳಗಿಳಿಸಲಿಲ್ಲ, ಯಾಕೆಂದರೆ ನೇರ ಪ್ರವೇಶದವರಿಗೆ ರಕ್ಷಣೆ ಇತ್ತು. ಅದರ ಬದಲು ಅದಕ್ಕಿಂತ ಮೇಲಿದ್ದ, ಐದು ಸಲ ದೇಶದ ಲೀಗ್ ಗೆದ್ದಿದ್ದ ಡೆಂಪೊ ತಂಡವನ್ನು ಇಳಿಸಿದರು. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಭಾರತ್ ಎಫ್‌ಸಿ ಆ ಒಂದೇ ವರ್ಷಕ್ಕೆ ಅಂಗಡಿ ಮುಚ್ಚಿಕೊಂಡು ಹೋಯಿತು.

ಬೆಂಗಳೂರು ಎಫ್‌ಸಿ ಅಂಗಡಿ ಮುಚ್ಚಲಿಲ್ಲ, ಅದು ಅದರ ಹೆಚ್ಚುಗಾರಿಕೆ. 2016ರಲ್ಲಿ ಮತ್ತೆ ಐ-ಲೀಗ್ ಗೆದ್ದಿತು. ಅದೇ ವರ್ಷ ಎಎಫ್‌ಸಿ ಕಪ್ ಫೈನಲ್ ತಲುಪಿತು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ತಂಡದ ಎದುರು 0-1ರಿಂದ ಸೋತಿತು. ಆಮೇಲೆ 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಹಾರಿತು. ಹೊಸ ಲೀಗು, ಮತ್ತೊಂದು ಮೊದಲ ಸೀಸನ್, ಮತ್ತೆ ಬಿಡ್ಡು. ಈ ಸಲ ಕಂಠೀರವ ಸ್ಟೇಡಿಯಂ. ಲೀಗ್ ಹಂತದಲ್ಲಿ 18 ಪಂದ್ಯಕ್ಕೆ 40 ಅಂಕ, ಎರಡನೇ ಸ್ಥಾನದವರಿಗಿಂತ ಎಂಟು ಅಂಕ ಮುಂದೆ. 2018ರ ಮಾರ್ಚ್ 17ರಂದು ತವರಿನಲ್ಲೇ ಫೈನಲ್. ಛೆಟ್ರಿ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದರು. ಇನ್ನೇನು ಎರಡನೇ ಲೀಗಿನಲ್ಲೂ ಮೊದಲ ವರ್ಷವೇ ಕಪ್ಪು ಅಂದುಕೊಳ್ಳುವಷ್ಟರಲ್ಲಿ ಚೆನ್ನೈಯಿನ್ ತಂಡ ಮೂರು ಗೋಲು ತುಂಬಿತು. 2-3. ಮರುವರ್ಷ ಮುಂಬೈಯಲ್ಲಿ ಗೋವಾ ತಂಡವನ್ನು ಸೋಲಿಸಿ ಆ ಬಾಕಿಯನ್ನೂ ತೀರಿಸಿಕೊಂಡರು.

ಆ ಫೈನಲ್ ನೋಡಲು ನಮ್ಮ ನಾಲ್ಕು ತಾಲೂಕಿನಿಂದ ಎಷ್ಟು ಜನ ಹೋದರು? ಹೋಗಬೇಕು ಅಂದರೂ ಹೇಗೆ ಹೋಗ್ತಾರೆ? ಆಟ ಶುರು ರಾತ್ರಿ 8ಕ್ಕೆ. ಮುಗಿಯುವ ಹೊತ್ತಿಗೆ ಹತ್ತು. ಐವತ್ತು ಅರವತ್ತು ಕಿಲೋಮೀಟರ್ ದೂರದ ಪಟ್ಟಣಕ್ಕೆ ಬಸ್ಸು ಹಿಡಿದರೂ, ಅಲ್ಲಿಂದ ಸಾತನೂರಿನ ಆಚೆಗೋ ಕುದೂರಿನ ಒಳಗಿನ ಹಳ್ಳಿಗೋ ಆ ಹೊತ್ತಿನಲ್ಲಿ ಯಾವ ಬಸ್ಸು ಕಾಯ್ತಾ ಇರುತ್ತೆ? ಪಂದ್ಯದ ಹೊತ್ತನ್ನು ಟಿ.ವಿ. ನಿರ್ಧರಿಸುತ್ತೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆಯುವವರು ಟಿ.ವಿ.ಯವರ ಲೆಕ್ಕದಲ್ಲಿ ಇಲ್ಲ. ಇರಲಿ, ಟಿಕೆಟ್ಟು ಬಸ್ಸು ದೊಡ್ಡ ವಿಷಯವಲ್ಲ. ನಮ್ಮ ಹುಡುಗರು ನೋಡುವವರಾಗಿಯೇ ಉಳಿದರು ಅನ್ನೋದು ದೊಡ್ಡ ವಿಷಯ.

ಇದನ್ನು ಎತ್ತಿದ ಕೂಡಲೇ ಬರುವ ಉತ್ತರ ನಮಗೆ ಗೊತ್ತು. "ಬಿಡ್ರೀ, ನಮ್ಮ ಕಡೆ ಫುಟ್‌ಬಾಲ್ ಸಂಸ್ಕೃತಿ ಎಲ್ಲಿದೆ? ಅದು ಬಂಗಾಳಿಗಳದ್ದು, ಗೋವಾದವರದ್ದು, ಮಿಜೋರಾಮಿನವರದ್ದು. ನಮ್ಮದು ಕಬಡ್ಡಿ, ಕ್ರಿಕೆಟ್ಟು." ಅಧಿಕಾರಿಗಳೂ ಇದನ್ನೇ ಹೇಳ್ತಾರೆ, ಅರಳಿಕಟ್ಟೆ ಮೇಲೆ ಕೂತವರೂ ಇದನ್ನೇ ಹೇಳ್ತಾರೆ.

ಹಾಗಾದರೆ ಮಿಜೋರಾಮಿನ ಲೆಕ್ಕವನ್ನೇ ತೆಗೆಯೋಣ. 2011ರ ಜನಗಣತಿಯಲ್ಲಿ ಇಡೀ ಮಿಜೋರಾಂ ರಾಜ್ಯದ ಜನಸಂಖ್ಯೆ 10.97 ಲಕ್ಷ. ಅದೇ ಜನಗಣತಿಯಲ್ಲಿ ನಮ್ಮ ರಾಮನಗರ ಜಿಲ್ಲೆಯ ಜನಸಂಖ್ಯೆ 10.82 ಲಕ್ಷ. ಇನ್ನೊಂದು ಸಲ ಓದಿ. ಅವರದ್ದು ಒಂದು ರಾಜ್ಯ, ನಮ್ಮದು ನಾಲ್ಕು ತಾಲೂಕು, ತಲೆ ಎಣಿಸಿದರೆ ಹೆಚ್ಚುಕಮ್ಮಿ ಒಂದೇ. ಅಲ್ಲಿ ಗುಡ್ಡ ಕಡಿದು ಮೈದಾನ ಮಾಡಬೇಕು. ನಮ್ಮಲ್ಲಿ ಬೇಸಿಗೆ ಬಂದರೆ ಕೆರೆ ಅಂಗಳವೇ ಮೈದಾನ.

ಅವರು ಮಾಡಿದ್ದು ಏನು? 2012ರಲ್ಲಿ ಮಿಜೋರಾಂ ಪ್ರೀಮಿಯರ್ ಲೀಗ್ ಅಂತ ಶುರು ಮಾಡಿದರು. ಎಂಟು ತಂಡ. ಅಲ್ಲಿನ ಕೇಬಲ್ ಚಾನೆಲ್‌ನವರೇ ಪಂದ್ಯಗಳನ್ನು ನೇರ ತೋರಿಸಿದರು. ಎರಡೇ ವರ್ಷ, 2014ರಲ್ಲಿ ಸಂತೋಷ್ ಟ್ರೋಫಿ ಮಿಜೋರಾಂ ಪಾಲಾಯಿತು. ಅದೇ ಲೀಗಿನಲ್ಲಿ ಬೆಳೆದ ಐಜಾಲ್ ಎಫ್‌ಸಿ ಎರಡನೇ ಡಿವಿಷನ್ ಗೆದ್ದು 2015-16ರಲ್ಲಿ ಐ-ಲೀಗಿಗೆ ಹೋಯಿತು. ಅವರ ಮೊದಲ ಸೀಸನ್ ಹೇಗಿತ್ತು ಗೊತ್ತಾ? ಒಂಬತ್ತು ತಂಡದಲ್ಲಿ ಎಂಟನೇ ಸ್ಥಾನ. ಇಳಿಸಿಯೇ ಬಿಟ್ಟಿದ್ದರು. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟು ಹೊರಟ ಕಾರಣ ಜಾಗ ಖಾಲಿ ಬಿತ್ತು, ಐಜಾಲನ್ನು ವಾಪಸ್ ಕರೆದರು. ಮರುವರ್ಷ, 2017ರ ಏಪ್ರಿಲ್‌ನಲ್ಲಿ, ಅದೇ ಐಜಾಲ್ ಇಡೀ ದೇಶದ ಚಾಂಪಿಯನ್. ಖಾಲಿದ್ ಜಮೀಲ್ ಕೋಚ್. ಬಹುಪಾಲು ಊರ ಹುಡುಗರೇ.

ಇದಾದ ಕೆಲವೇ ತಿಂಗಳಿಗೆ ಸೂಪರ್ ಲೀಗಿಗೆ ಹೊಸ ತಂಡ ಸೇರಿಸಿಕೊಂಡರು. ಯಾರನ್ನು? ಬೆಂಗಳೂರು ಮತ್ತು ಜೆಮ್‌ಶೆಡ್‌ಪುರ. ಒಂದರ ಹಿಂದೆ ಜೆಎಸ್‌ಡಬ್ಲ್ಯು, ಇನ್ನೊಂದರ ಹಿಂದೆ ಟಾಟಾ. ಎರಡೂ ಉಕ್ಕು. ಆ ವರ್ಷದ ಚಾಂಪಿಯನ್ ಐಜಾಲ್ ಹೊರಗೆ ನಿಂತಿತು. ನಾವು ಕನ್ನಡಿಗರು ಕಂಠೀರವದಲ್ಲಿ ಕೂಗಿದ ಆ ಸೀಸನ್‌ನ ಇನ್ನೊಂದು ಮುಖ ಇದು. ನಮ್ಮಷ್ಟೇ ಜನ ಇರುವ ಒಂದು ಬಡ ರಾಜ್ಯ, ಆಡಿ ಗೆದ್ದು ಬಂದು ಬಾಗಿಲು ತಟ್ಟುತ್ತಿತ್ತು. ನಮ್ಮ ತಂಡ ಒಳಗೆ ಕೂತು ಊಟ ಮಾಡುತ್ತಿತ್ತು. ಅದಕ್ಕೆ ಆಟಗಾರರನ್ನು ದೂರುವುದಲ್ಲ, ಫೆಡರೇಷನ್ನನ್ನು ದೂರಬೇಕು. ಆದರೆ ಆಗ ಬೆಂಗಳೂರಿನಲ್ಲಿ ಯಾರಾದರೂ ಒಬ್ಬರು ಐಜಾಲ್ ಪರ ದನಿ ಎತ್ತಿದ್ದು ನಮಗಂತೂ ನೆನಪಿಲ್ಲ.

ಇನ್ನು ಸಂಸ್ಕೃತಿಯ ಮಾತು. ಸಂಸ್ಕೃತಿ ಮಣ್ಣಲ್ಲಿ ಹುಟ್ಟಲ್ಲ, ಪಂದ್ಯದಲ್ಲಿ ಹುಟ್ಟುತ್ತೆ. ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡು ಪ್ರದೇಶದ ಸೈನಿಕರಿಂದ, ಆಮೇಲೆ ಕಾರ್ಖಾನೆಗಳಿಂದ. 1937ರಲ್ಲಿ, 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಪಲ್ಟನ್‌ಗಳನ್ನು ಮೀರಿಸಿ ಬೊಂಬಾಯಿಯ ರೋವರ್ಸ್ ಕಪ್ ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ಸೀಮೆಯ ಆಟಗಾರ. ಅವರ ಜೊತೆ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಬರಿಗಾಲಲ್ಲಿ ಆಡಿದ ಕಾಲ ಅದು. ಐಟಿಐ, ಎಚ್‌ಎಎಲ್, ಬಿಇಎಂಎಲ್ ಕಾರ್ಖಾನೆಗಳು ಚೆಂಡು ಒದೆಯುವ ಹುಡುಗನಿಗೆ ಕೆಲಸ ಕೊಟ್ಟವು. ಆಟ ಆಡಿದರೆ ಮನೆ ನಡೆಯುತ್ತೆ ಅಂತ ಗೊತ್ತಾದ ಮೇಲೆ ಅಪ್ಪ ಅಮ್ಮ ಯಾಕೆ ಬೇಡ ಅಂತಾರೆ? ಮೊನ್ನೆ ಮೊನ್ನೆ, 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅದೇ ವರ್ಷ ಭಾರತೀಯ ಮಹಿಳಾ ಲೀಗ್ ಫೈನಲ್ ತಲುಪಿದ ಕಿಕ್‌ಸ್ಟಾರ್ಟ್ ಕೂಡ ಬೆಂಗಳೂರಿನದೇ ತಂಡ. ಬೆಂಗಳೂರಿನಲ್ಲಿರುವ ಸಂಸ್ಕೃತಿ ಕೆಂಗೇರಿ ದಾಟಿ ಬಿಡದಿಗೆ ಬರಲಿಲ್ಲ ಅಂದರೆ, ದಾಟಿಸುವ ಕೆಲಸ ಯಾರೂ ಮಾಡಲಿಲ್ಲ ಅಂತ ಅರ್ಥ.

ನಮ್ಮಲ್ಲಿ ಆಟವೇ ಇಲ್ಲ ಅಂತ ಹೇಳ್ತಿಲ್ಲ. ಬೇಸಿಗೆ ಬಂತು ಅಂದರೆ ನಾಲ್ಕೂ ತಾಲೂಕಿನಲ್ಲಿ ಹೊನಲು ಬೆಳಕಿನ ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್. ಮುಖಂಡರ ಹುಟ್ಟುಹಬ್ಬಕ್ಕೊಂದು ಕಪ್ಪು. ರಸ್ತೆಗಡ್ಡ ಫ್ಲೆಕ್ಸು, ಅದರಲ್ಲಿ ಮುಖಂಡರ ಫೋಟೊ ಆಳೆತ್ತರ, ಆಟಗಾರರ ಹೆಸರು ಎಲ್ಲೂ ಇಲ್ಲ. ಶನಿವಾರ ರಾತ್ರಿ ಶುರು, ಭಾನುವಾರ ಬೆಳಗಿನ ಜಾವಕ್ಕೆ ಮುಗೀತು. ಹದಿನಾರು ತಂಡ ಬಂದರೆ ಎಂಟು ತಂಡ ಒಂದೇ ಪಂದ್ಯ ಆಡಿ ಮನೆಗೆ. ಇನ್ನು ಮುಂದಿನ ಹುಟ್ಟುಹಬ್ಬದವರೆಗೆ ಆಟ ಇಲ್ಲ.

ಇಲ್ಲಿ ಪಂದ್ಯಾವಳಿಗೂ ಲೀಗಿಗೂ ಇರುವ ವ್ಯತ್ಯಾಸ ನೋಡಿ. ಎಂಟು ತಂಡದ ಲೀಗ್ ಅಂದರೆ, ತಮ್ಮೂರಲ್ಲಿ ಒಂದು ಸಲ ಅವರೂರಲ್ಲಿ ಒಂದು ಸಲ ಅಂತ ಪ್ರತಿ ತಂಡಕ್ಕೂ 14 ಪಂದ್ಯ. ಒಟ್ಟು 56. ಕೆಟ್ಟದಾಗಿ ಸೋತ ತಂಡಕ್ಕೂ ಮುಂದಿನ ವಾರ ಮತ್ತೆ ಪಂದ್ಯ ಇದೆ. ಸೋತದ್ದು ಯಾಕೆ ಅಂತ ಯೋಚಿಸಿ, ಸೋಮವಾರದಿಂದ ಅಭ್ಯಾಸ ಮಾಡಿ, ಭಾನುವಾರ ಸರಿ ಮಾಡಿಕೊಳ್ಳಬಹುದು. ಹದಿನೈದು ವರ್ಷದ ಹುಡುಗ ಬೆಳೆಯುವುದು ಹಾಗೆ. ಒಂದು ರಾತ್ರಿಯ ಕಪ್ಪಿನಲ್ಲಿ ಬೆಳೆಯುವುದು ಮುಖಂಡರ ಫ್ಲೆಕ್ಸು ಮಾತ್ರ.

ಹೆಸರಿಗೆ ಸಂಘ, ಸಮಿತಿ, ಪದಾಧಿಕಾರಿಗಳು ಎಲ್ಲ ಇರಬಹುದು. ನಾವು ಕೇಳ್ತಿರೋದು ಅದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ತಂಡಗಳು ಒಬ್ಬರ ಮೇಲೊಬ್ಬರು ತಿಂಗಳುಗಟ್ಟಲೆ ಆಡಿ, ಅಂಕಪಟ್ಟಿ ಹಾಕಿ, ಗೆದ್ದವರನ್ನು ರಾಜ್ಯದ ಲೀಗಿಗೆ ಕಳಿಸಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ? ನಿಮ್ಮ ಮಕ್ಕಳು ನೋಡಿದ್ದಾರಾ?

ಈಗ ಮೆಟ್ಟಿಲು ಇದೆ ಅನ್ನೋದು ಮುಖ್ಯ. ಹಿಂದೆ ಇರಲಿಲ್ಲ, ಇದ್ದರೂ ಮುರಿದಿತ್ತು. 2023-24ರಲ್ಲಿ ರಾಜ್ಯದ ಲೀಗ್ ಮೇಲೆ ಐ-ಲೀಗ್ 3, ಅದರ ಮೇಲೆ ಐ-ಲೀಗ್ 2, ಅದರ ಮೇಲೆ ಐ-ಲೀಗ್ ಇದ್ದವು. 2023ರಿಂದ ಐ-ಲೀಗ್ ಗೆದ್ದವರು ಸೂಪರ್ ಲೀಗಿಗೆ ಏರುವ ದಾರಿಯೂ ತೆರೆಯಿತು. ಪಂಜಾಬ್ ಎಫ್‌ಸಿ ಮೊದಲು ಏರಿತು, ಮರುವರ್ಷ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಈ ಮೆಟ್ಟಿಲನ್ನು ನಮ್ಮ ರಾಜ್ಯದ ಒಂದು ತಂಡ ಹತ್ತಿದ್ದು ಎಷ್ಟು ಜನಕ್ಕೆ ಗೊತ್ತು? ಎಸ್‌ಸಿ ಬೆಂಗಳೂರು. ಐ-ಲೀಗ್ 3 ದಾಟಿ, 2023-24ರಲ್ಲಿ ಐ-ಲೀಗ್ 2 ಗೆದ್ದು, 2024-25ರಲ್ಲಿ ಐ-ಲೀಗಿಗೆ ಕಾಲಿಟ್ಟಿತು. ಬಿಡ್ ಹಾಕದೆ ಹೋದ ತಂಡ. ಅವರ ಮೊದಲ ಸೀಸನ್ ನೆಟ್ಟಗಾಗಲಿಲ್ಲ. ಪಟ್ಟಿಯ ತಳದಲ್ಲಿ ಉಳಿದು ಆ ವರ್ಷವೇ ಕೆಳಗಿಳಿಯಿತು. ಒಂದು ಕ್ಲಬ್ಬಿನ ಮೊದಲ ಸೀಸನ್ ಬಗ್ಗೆ ಹನ್ನೆರಡು ವರ್ಷದಿಂದ ಹಾಡು ಕಟ್ಟುತ್ತಿರುವ ಊರು, ಇನ್ನೊಂದು ಕ್ಲಬ್ಬಿನ ಮೊದಲ ಸೀಸನ್ನನ್ನು ತಿರುಗಿಯೂ ನೋಡಲಿಲ್ಲ. ನಮ್ಮ ಕಣ್ಣಿಗೆ ಎಚ್‌ಎಎಲ್ ಇಳಿದದ್ದು, ಐಜಾಲ್ ಎಂಟನೇ ಸ್ಥಾನಕ್ಕೆ ಬಿದ್ದದ್ದು, ಎಸ್‌ಸಿ ಬೆಂಗಳೂರು ಸೋತದ್ದು ಇವೇ ನಿಜವಾದ ಮೊದಲ ಸೀಸನ್‌ಗಳು. ಹತ್ತಿದವನು ಬೀಳ್ತಾನೆ, ಎದ್ದು ಮತ್ತೆ ಹತ್ತುತ್ತಾನೆ.

ಸ್ಪೇನ್ ದೇಶದಲ್ಲಿ ಐಬಾರ್ ಅಂತ ಒಂದು ಪಟ್ಟಣ ಇದೆ. 27 ಸಾವಿರದಷ್ಟು ಜನ, ನಮ್ಮ ಮಾಗಡಿ ಪಟ್ಟಣದ ಹಾಗೆ. ಕಸುಬಿನ ಲೆಕ್ಕದಲ್ಲಿ ಚನ್ನಪಟ್ಟಣದ ಹಾಗೆ, ಕೈಕೆಲಸದವರ ಊರು. ಇಲ್ಲಿ ಗೊಂಬೆ, ಅಲ್ಲಿ ಬಂದೂಕು, ಹೊಲಿಗೆ ಯಂತ್ರ. ಅವರ ತಂಡ 2014ರಲ್ಲಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಆಡುವ ಲೀಗಿಗೆ ಏರಿತು. ಬಂಡವಾಳ ಸಾಲದು, 17 ಲಕ್ಷ ಯೂರೊ ಸೇರಿಸಿ ಇಲ್ಲವೇ ಕೆಳಗಿಳೀರಿ ಅಂತ ಕಾನೂನು ಹೇಳಿತು. ಅವರು ಒಬ್ಬ ಸಾಹುಕಾರನ ಕಾಲು ಹಿಡಿಯಲಿಲ್ಲ. ಸಣ್ಣ ಸಣ್ಣ ಷೇರು ಮಾರಿದರು. ಒಬ್ಬರು ಇಷ್ಟಕ್ಕಿಂತ ಹೆಚ್ಚು ಕೊಳ್ಳುವ ಹಾಗಿಲ್ಲ ಅಂತ ಮಿತಿ ಇಟ್ಟರು. ಹಲವು ದೇಶಗಳ ಹತ್ತು ಸಾವಿರದಷ್ಟು ಜನ ಕೊಂಡರು. ಮೊದಲ ಸೀಸನ್ 18ನೇ ಸ್ಥಾನ, ಇಳಿಯಬೇಕಿತ್ತು. ಮೇಲಿದ್ದ ಎಲ್ಚೆ ತಂಡ ಸಾಲದಲ್ಲಿ ಮುಳುಗಿ ಅದನ್ನು ಇಳಿಸಿದ್ದರಿಂದ ಐಬಾರ್ ಉಳಿಯಿತು. ಅಲ್ಲಿಂದ 2021ರವರೆಗೆ ಏಳು ವರ್ಷ ಆ ಲೀಗಿನಲ್ಲಿ ಆಡಿತು. ನಮ್ಮ ಹಾಲಿನ ಡೇರಿ ನಡೆಸುವ ಹಳ್ಳಿಯವರಿಗೆ ಷೇರುದಾರರ ಸಂಘ ಅಂದರೆ ಹೊಸದೇನೂ ಅಲ್ಲ.

"ದುಡ್ಡಿಲ್ಲದೆ ಕ್ಲಬ್ ನಡೆಯುತ್ತಾ?" ಅಂತ ಕೇಳಬಹುದು. ನಡೆಯಲ್ಲ. ಜೆಎಸ್‌ಡಬ್ಲ್ಯು ಹನ್ನೆರಡು ವರ್ಷ ದುಡ್ಡು ಸುರಿದದ್ದಕ್ಕೇ ಬೆಂಗಳೂರು ಎಫ್‌ಸಿ ಉಳಿದಿದೆ. ಆದರೆ ಮೇಲಿನ ದುಡ್ಡೊಂದನ್ನೇ ನಂಬಿದರೆ ಏನಾಗುತ್ತೆ ಅನ್ನೋದನ್ನೂ 2025ರಲ್ಲಿ ನೋಡಿದೆವು. 2010ರಲ್ಲಿ ಫೆಡರೇಷನ್ 15 ವರ್ಷಕ್ಕೆ 700 ಕೋಟಿಗೆ ದೇಶದ ಫುಟ್‌ಬಾಲ್ ಹಕ್ಕನ್ನು ಬರೆದುಕೊಟ್ಟಿತ್ತು. ಅವಧಿ ಮುಗಿಯುತ್ತಾ ಬಂದಾಗ ಮುಂದೇನು ಅಂತ ತೀರ್ಮಾನ ಆಗಲಿಲ್ಲ. ಜುಲೈನಲ್ಲಿ ಸೂಪರ್ ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ನಿಲ್ಲಿಸುತ್ತಿದ್ದೇವೆ ಅಂತ ಪ್ರಕಟಣೆ ಕೊಟ್ಟಿತು. ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತೆ ಅಂತ ಹೆಸರು ಮಾಡಿದ್ದ ಅದೇ ಕ್ಲಬ್ಬು! ಮೇಲೆ ಒಂದು ಕಾಗದಕ್ಕೆ ಸಹಿ ಬೀಳದಿದ್ದರೆ ಇಡೀ ಆಟ ನಿಂತುಹೋಗುತ್ತೆ. ಕೆಳಗೆ ನೂರು ಜಿಲ್ಲೆಯಲ್ಲಿ ಲೀಗ್ ನಡೀತಾ ಇದ್ದರೆ ಅಷ್ಟು ಸುಲಭಕ್ಕೆ ನಿಲ್ಲಲ್ಲ.

ಕ್ಲಬ್ಬಿನವರು ಮಕ್ಕಳಿಗೆ ಏನೂ ಮಾಡಿಲ್ಲ ಅಂತಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ತಮ್ಮ ಉಕ್ಕಿನ ಕಾರ್ಖಾನೆ ಹತ್ತಿರ ಒಳ್ಳೇ ಕ್ರೀಡಾ ಸಂಸ್ಥೆ ಕಟ್ಟಿದ್ದಾರೆ, ಫುಟ್‌ಬಾಲ್ ಅಕಾಡೆಮಿ ಅಲ್ಲೇ ಇದೆ. ಬೆಂಗಳೂರು ನಗರದಲ್ಲಿ ಶುಲ್ಕ ಕಟ್ಟಿ ಸೇರುವ ಸಾಕರ್ ಸ್ಕೂಲ್‌ಗಳಿವೆ. ನಡುವೆ ಇರುವ ನಾವು? ಶುಲ್ಕ ಕಟ್ಟುವ ಶಕ್ತಿ ಇಲ್ಲ. ಅಕಾಡೆಮಿಗೆ ಆಯ್ಕೆ ಮಾಡುವವರ ಕಣ್ಣಿಗೆ ಬೀಳಲು ಪಂದ್ಯ ಇಲ್ಲ.

2025ರ ಮೇ ತಿಂಗಳಲ್ಲಿ ಸರ್ಕಾರ ನಮ್ಮ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಿಸಿತು. ಕನಕಪುರದ ಶಾಸಕರೂ ಆದ ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿಯಾಗಿ ಮುಂದೆ ನಿಂತು ಮಾಡಿಸಿದ್ದು. ಬೆಂಗಳೂರಿನ ಹೆಸರು ಬಂದರೆ ಕಂಪನಿ ಬರುತ್ತೆ, ಭೂಮಿಗೆ ಬೆಲೆ ಬರುತ್ತೆ ಅಂದರು. ಸರಿ, ಹೆಸರಲ್ಲಿ ನಾವೂ ಬೆಂಗಳೂರಿನವರಾದೆವು. ಹಾಗಾದರೆ ಬೆಂಗಳೂರಿನ ಹುಡುಗನಿಗೆ ಇರುವ ಡಿವಿಷನ್ ಲೀಗು ನಮ್ಮ ಹುಡುಗನಿಗೂ ಬೇಕು. ನಮ್ಮ ಹುಡುಗಿಗೂ ಬೇಕು.

ಕೇಳುತ್ತಿರುವುದು ಬಹಳ ದೊಡ್ಡದೇನಲ್ಲ. ತಾಲೂಕಿಗೆ ಎರಡು ತಂಡ. ನಾಲ್ಕು ತಾಲೂಕಿಗೆ ಎಂಟು, ಹಾರೋಹಳ್ಳಿ ಸೇರಿದರೆ ಹತ್ತು. ರಾಗಿ ಒಕ್ಕಣೆ ಮುಗಿದ ಮೇಲೆ ಜನವರಿಯಲ್ಲಿ ಶುರು ಮಾಡಿದರೆ, ವಾರಕ್ಕೊಂದು ಸುತ್ತಿನಂತೆ ಎಂಟು ತಂಡದ ಲೀಗು ಮುಂಗಾರಿಗೆ ಮುಂಚೆ ಮುಗಿಯುತ್ತೆ. ಯಾವ ತಾಲೂಕಿನಿಂದ ಯಾವ ತಾಲೂಕಿಗೂ ಬೆಳಗ್ಗೆ ಹೊರಟು ಆಡಿ ಸಂಜೆಗೆ ಮನೆಗೆ ಬರಬಹುದು, ಮಿಜೋರಾಮಿನ ಗುಡ್ಡದ ದಾರಿಯಲ್ಲಿ ಅದು ಸಾಧ್ಯವಿಲ್ಲ. ಬೇಕಾಗಿರೋದು ತಾಲೂಕಿಗೊಂದು ಅಳತೆ ಸರಿ ಇರುವ ಮೈದಾನ, ಬಲೆ ಕಟ್ಟಿದ ಗೋಲ್ ಕಂಬ, ತರಬೇತಾದ ರೆಫ್ರಿ, ತಂಡಕ್ಕೊಂದು ಟೆಂಪೊ, ಮಧ್ಯಾಹ್ನದ ಊಟ. ಶಾಲೆಯ ದೈಹಿಕ ಶಿಕ್ಷಣ ಮೇಷ್ಟ್ರುಗಳಿಗೆ ಕೋಚಿಂಗ್ ತರಬೇತಿ ಕೊಡಿಸಿದರೆ ಕೋಚ್‌ಗಳೂ ಇಲ್ಲೇ ಸಿಗುತ್ತಾರೆ, ಚುನಾವಣೆ ಡ್ಯೂಟಿ, ಗಣತಿ ಡ್ಯೂಟಿ ಅಂತ ಅವರನ್ನು ಅಲೆಸುವುದು ನಿಂತರೆ.

ದುಡ್ಡು ಎಲ್ಲಿಂದ ಅಂದರೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ. ಅದರಲ್ಲಿ ಒಂದು ಆರ್ಚ್, ಒಂದು ಬಸ್ ಸ್ಟಾಪ್ ಶೆಲ್ಟರ್ ಕಡಿಮೆ ಮಾಡಿದರೂ ಮೈದಾನ ಆಗುತ್ತೆ. ಎರಡನೆಯದು, 2013ರ ಕಂಪನಿ ಕಾಯ್ದೆ. ದೊಡ್ಡ ಕಂಪನಿಗಳು ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಯಾವುದಕ್ಕೆ ಮಾಡಬಹುದು ಅನ್ನುವ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿ ಇದೆ. ಬಿಡದಿಯಲ್ಲಿ, ಹಾರೋಹಳ್ಳಿಯಲ್ಲಿ ಎಷ್ಟು ಕಾರ್ಖಾನೆ ಇವೆ ಅಂತ ಅಲ್ಲಿ ಜಮೀನು ಕೊಟ್ಟವರನ್ನು ಕೇಳಿ. ಬೆಳಗ್ಗೆ ಶಿಫ್ಟ್ ಬಸ್ಸಿನಲ್ಲಿ ನಮ್ಮ ಹುಡುಗರನ್ನು ತುಂಬಿಕೊಂಡು ಹೋಗುವ ಕಂಪನಿಗಳು ಎಚ್‌ಎಎಲ್, ಐಟಿಐ ಆವತ್ತು ಮಾಡಿದ ಹಾಗೆ ತಲಾ ಒಂದು ತಂಡ ಕಟ್ಟಲಿ.

ಬೆಂಗಳೂರು ಎಫ್‌ಸಿಗೆ ಒಂದೇ ಮಾತು. ನೀವು ಬಿಡ್ ಹಾಕಿ ಕೊಂಡದ್ದು ಲೀಗಿನ ಜಾಗ. ಬೆಂಗಳೂರು ಅನ್ನುವ ಹೆಸರನ್ನು ಯಾರೂ ನಿಮಗೆ ಮಾರಿಲ್ಲ, ಜನ ಕೊಟ್ಟಿದ್ದು. ಈಗ ಆ ಹೆಸರಲ್ಲಿ ನಾವೂ ಇದ್ದೇವೆ. ನಮ್ಮ ಲೀಗ್ ಶುರುವಾದ ದಿನ ನಿಮ್ಮ ಆಯ್ಕೆಗಾರರನ್ನು ಒಂದು ನೋಟ್‌ಬುಕ್ ಕೊಟ್ಟು ಕಳಿಸಿ, ಚನ್ನಪಟ್ಟಣದಲ್ಲೋ ಮಾಗಡಿಯಲ್ಲೋ ಟಚ್‌ಲೈನ್ ಪಕ್ಕ ಕೂರಲಿ.

ಇನ್ನು ನೀವು. ನಿಮ್ಮೂರಿನ ಶಾಲೆ ಅಥವಾ ಕಾಲೇಜು ಮೈದಾನದಲ್ಲಿ ಎರಡು ಕಡೆಯೂ ಗೋಲ್ ಕಂಬ ಇದೆಯಾ ನೋಡಿ. ಇದ್ದರೂ ಫೋಟೊ ತೆಗೆದು ಕಳಿಸಿ, ಇಲ್ಲದಿದ್ದರೂ ಖಾಲಿ ಮೈದಾನದ ಫೋಟೊ ಕಳಿಸಿ. ಊರು, ಹೋಬಳಿ, ತಾಲೂಕು ಬರೆಯಿರಿ. ಎಲ್ಲ ಸೇರಿಸಿ ತಾಲೂಕುವಾರು ಪಟ್ಟಿ ಮಾಡಿ ಜಿಲ್ಲಾಧಿಕಾರಿಗಳಿಗೆ, ಕ್ರೀಡಾ ಇಲಾಖೆಗೆ, ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಒಂದೊಂದು ಪ್ರತಿ ಕೊಡ್ತೀವಿ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.